ಮಾವನವರಿಗೆ ತೋರಿಸಿದ ಬೋರಲು ಚಂದ್ರ

ಆಕಾಶವೆಲ್ಲ ತನಗೆ ಅರ್ಥವಾಗಿದೆ ಎಂದು ಒಬ್ಬ ಮನುಷ್ಯನಿಗೆ ಅನ್ನಿಸಲು ಒಂದು ದೂರದರ್ಶಕ, ಒಂದು ತಾರಸಿ ಸಾಕು. ಚಿತ್ರದುರ್ಗದ ನಮ್ಮ ಮನೆಯಲ್ಲಿ ಎರಡೂ ಇದ್ದವು. ಆನ್‌ಲೈನಿನಲ್ಲಿ ತರಿಸಿದ ಆ ಕೊಳವೆಯನ್ನು ಮುಕ್ಕಾಲಿಯ ಮೇಲೆ ಕೂರಿಸಿ, ಸಂಜೆಯಾದರೆ ಅಕ್ಕಪಕ್ಕದವರಿಗೆ ಗುರು, ಶುಕ್ರ, ಹುಣ್ಣಿಮೆ ಚಂದ್ರರನ್ನು ತೋರಿಸುತ್ತಿದ್ದೆ. ಪಕ್ಕದ ಮನೆಯವರು ಗುರುವನ್ನು ನೋಡಿ, "ಸಾರ್, ಇವನು ನಮ್ಮ ಹುಡುಗಿ ಜಾತಕಕ್ಕೆ ಯಾವಾಗ ಬರ್ತಾನೆ?" ಎಂದು ಕೇಳಿದ್ದರು. ಆ ಇಲಾಖೆ ನನ್ನದಲ್ಲ ಎಂದು ಗಂಭೀರವಾಗಿ ತಿಳಿಸಿದ್ದೆ.

ಪೆಟ್ಟಿಗೆಯಲ್ಲಿ ಮೊಣಕೈಯಂತೆ ಬಾಗಿದ ಒಂದು ತುಂಡೂ ಬಂದಿತ್ತು.

"ರೀ, ಇದನ್ನೂ ಹಾಕ್ಬೇಕೇನೋ ನೋಡ್ರಿ, ಪುಸ್ತಕದಾಗೆ ಚಿತ್ರ ಐತೆ" ಎಂದಳು ಹೆಂಡತಿ ಗಂಗಾ.

"ಅದು ಪ್ಯಾಕಿಂಗ್ ಕಣೇ!" ಎಂದೆ. ಅದಿಲ್ಲದೆಯೇ ಎಲ್ಲ ಚೆನ್ನಾಗಿ ಕಾಣುತ್ತಿತ್ತಲ್ಲ.

ಗಂಗಾಳ ತವರು ತಾಳ್ಯದ ಹತ್ತಿರ. ಕುರಿ ಸಾಕುವ ಮನೆತನ. ಯುಗಾದಿಯ ಮರುದಿನ ಸಂಜೆ ಅಲ್ಲಿ ಮನೆಯವರೆಲ್ಲ ಮಾಳಿಗೆ ಹತ್ತಿ, ಗೆರೆಯಂಥ ಚಂದ್ರನನ್ನು ನೋಡಿ ಕೈಮುಗಿದು, ಹಿರಿಯರ ಕಾಲಿಗೆ ಬೀಳುತ್ತಾರೆ. ಚಂದ್ರನ ಕೋಡುಗಳು ಹೇಗಿವೆ ಎಂದು ನೋಡಿ ವರ್ಷದ ಮಳೆ ಹೇಳುವವರು, ಎಲ್ಲರನ್ನೂ ಹರಸುವವರು ನಮ್ಮ ಮಾವ. ಆದರೆ ಕಣ್ಣಿಗೆ ಪೊರೆ ಬಂದು ಎರಡು ವರ್ಷದ ಹಿಂದೆ ಅವರಿಗೆ ಚಂದ್ರ ಕಾಣಲೇ ಇಲ್ಲ. ಬೇರೆಯವರು ಕಂಡಿದ್ದನ್ನು ನಂಬಿ ಹರಸಿದ್ದರು. ಆಪರೇಷನ್ ಮಾತೆತ್ತಿದರೆ ಎದ್ದು ಕುರಿ ಕೂಡುವ ರೊಪ್ಪದ ಕಡೆ ಹೊರಟುಬಿಡುತ್ತಾರೆ.

ಹೋದ ವರ್ಷ ಹಬ್ಬಕ್ಕೆ ಮುಂಚೆ ಫೋನಿನಲ್ಲಿ, "ಕಾಣ್ದೇ ಇರಾನ್ನ ಕಂಡೆ ಅಂತ ಹರಸಾದು ಸುಳ್ಳು ಸಾಕ್ಷಿ ಹೇಳ್ದಂಗೆ. ಈ ಸಲ ಆ ಕೆಲ್ಸ ನಂಗೆ ಬ್ಯಾಡ" ಎಂದರು. ದನಿ ಸಣ್ಣದಾಗಿತ್ತು.

"ಈ ಸಲ ನಿಮ್ಮ ಕಣ್ಣಿಂದ್ಲೇ ನೋಡ್ತೀರಿ ಮಾವ. ಜವಾಬ್ದಾರಿ ನಂದು!" ಎಂದುಬಿಟ್ಟೆ.

ಹಬ್ಬದ ಮರುದಿನ ಸಂಜೆ ಮಾವನ ಮನೆಯ ಮಾಳಿಗೆಗೆ ಕೊಳವೆ ಹತ್ತಿಸಿದೆ. ಸೂರ್ಯ ಮುಳುಗಿದ್ದರೂ ಆಕಾಶ ಇನ್ನೂ ಬೆಳಗಿತ್ತು. ಬರಿಗಣ್ಣಿಗೆ ಯಾರಿಗೂ ಚಂದ್ರ ಸಿಕ್ಕಿರಲಿಲ್ಲ. ನಾನು ಪಡುವಣವನ್ನೆಲ್ಲ ಕೊಳವೆಯಿಂದ ಸೋಸಿದೆ. ಬಿಳಿ ಗೆರೆಯೊಂದು ಹಾದಂತಾಯಿತು. ನೆಟ್ಟಗೆ ನೋಡುವ ವ್ಯವಧಾನವೂ ಇಲ್ಲದೆ, "ಸಿಕ್ಕಿದ! ಮಾವ, ಬರ್ರಿ!" ಎಂದು ಕೂಗಿದೆ.

ಮಾವ ರುಮಾಲು ತೆಗೆದು ಬಗ್ಗಿದರು.

"ಕಂಡ! ಲೇ ಗಂಗೀ, ಕಂಡ ಕಣೇ!" ಎಂದರು. ನನ್ನ ಎದೆ ಅಂಗಿಯ ಗುಂಡಿಗೆ ತೊಂದರೆ ಕೊಡುವಷ್ಟು ಉಬ್ಬಿತು. ಆದರೆ ಮಾವ ತಲೆಯೆತ್ತಿದಾಗ ಮುಖ ಬಾಡಿತ್ತು.

"ಅಳಿಯಂದ್ರೆ, ಬೋರಲು ಬಿದ್ದವ್ನೆ."

ನಾನೂ ನೋಡಿದೆ. ನಿಜ! ದೋಣಿಯಂತೆ ಮೇಲೆ ನೋಡಬೇಕಾದ ಚಂದ್ರ, ಕೋಡು ಕೆಳಗೆ ಮಾಡಿಕೊಂಡು ಮಗುಚಿದ ಪುಟ್ಟಿಯಂತಿದ್ದ.

"ತುಂಬ್ಕಂಡು ಬರ್ಬೇಕಾದೋನು ಸುರ್ಕಂಡು ಬಂದವ್ನೆ. ಇನ್ನೇನು ಮಳೆ, ಇನ್ನೇನು ಹರಸಾದು!" ಎಂದು ಮಾವ ರುಮಾಲು ಸುತ್ತಿಕೊಂಡು ಮೂಲೆಯಲ್ಲಿ ಕುಂತರು. ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು.

ಗುರು ದುಂಡಗೆ, ಹುಣ್ಣಿಮೆ ಚಂದ್ರ ದುಂಡಗೆ, ಶುಕ್ರ ನನ್ನ ಕೊಳವೆಯಲ್ಲಿ ಬರೀ ಹೊಳಪು. ದುಂಡಗಿನದು ತಲೆಕೆಳಗಾದರೂ ದುಂಡಗೇ ಇರುತ್ತದೆ! ಆ ಧೈರ್ಯದ ಮೇಲೆಯೇ ನಾನು ಇಷ್ಟು ದಿನ ಪಂಡಿತನಾಗಿದ್ದೆ.

"ಚಂದ್ರ ನೆಟ್ಟಗೇ ಅವ್ನೆ ಮಾವ, ಕೊಳವೆ ತಲೆಕೆಳಗು ತೋರಿಸ್ತೈತೆ" ಎಂದು ಬೆಳಕು, ಮಸೂರ ಎಂದೆಲ್ಲ ವಿವರಿಸಿದೆ. ಯಾರೂ ನಂಬಲಿಲ್ಲ. ಪುರಾವೆ ಬೇಕಲ್ಲ! ಕೊಳವೆಯನ್ನು ಕುರಿರೊಪ್ಪದ ಕಡೆ ತಿರುಗಿಸಿದೆ.

ಮೊದಲು ನೋಡಿದ ಅತ್ತೆ ಕಿಟಾರನೆ ಕಿರುಚಿ, ಆಮೇಲೆ ನಗತೊಡಗಿದರು. "ಅಯ್ಯಯ್ಯೋ! ಕುರಿ ಎಲ್ಲ ಕಾಲು ಮ್ಯಾಲೆ ಮಾಡ್ಕಂಡು ಓಡಾಡ್ತಾವೆ!"

ಅಷ್ಟೇ. ಮನೆಮಂದಿಯೆಲ್ಲ ಸಾಲಾಗಿ ನಿಂತರು. ಮಾವನೂ ಎದ್ದು ಬಂದು ನೋಡಿ, "ನನ್ನ ಟಗರು ಆಕಾಶದಾಗೆ ನಿಂತೈತಲ್ಲೋ!" ಎಂದು ಹೊಟ್ಟೆ ಹಿಡಿದುಕೊಂಡರು. ಒಮ್ಮೆ ನೋಡಿದವರು ಮತ್ತೆ ಸಾಲಿನ ಕೊನೆಗೆ ಹೋದರು. "ತಳ್ಳಾಡಬೇಡ್ರಿ, ಎಲ್ಲರಿಗೂ ಕುರಿ ಸಿಗ್ತಾವೆ" ಎಂದು ನಾನು ಶಿಸ್ತು ಕಾಪಾಡುತ್ತಿದ್ದೆ.

ಅಷ್ಟರಲ್ಲಿ ಊರಿನ ಮಾಳಿಗೆಗಳಿಂದೆಲ್ಲ ಹೋ ಎಂದು ಕೂಗು ಎದ್ದು, ನಿಧಾನವಾಗಿ ಅಡಗಿತು. ನಮಗೆ ಎಚ್ಚರವಾಗಿ ಪಡುವಣಕ್ಕೆ ತಿರುಗುವ ಹೊತ್ತಿಗೆ ಮೋಡ ಮುಚ್ಚಿತ್ತು.

"ಯಜಮಾನ್ರೆ, ಕೋಡು ಮ್ಯಾಲಕ್ಕೇ ಅವೆ, ಚೆಂದಾಗವ್ನೆ! ನೋಡಿದ್ರಾ?" ಎಂದು ಪಕ್ಕದ ಮಾಳಿಗೆಯವರು ಕೇಳಿದರು.

ಊರಿಗೆ ಊರೇ ಬರಿಗಣ್ಣಿನಲ್ಲಿ ಚಂದ್ರನನ್ನು ನೋಡಿತ್ತು. ದೂರದರ್ಶಕ ಇದ್ದ ಒಂದೇ ಮನೆ ಕುರಿ ನೋಡಿತ್ತು!

ಮಾವ ಗಂಟಲು ಸರಿಮಾಡಿಕೊಂಡರು. "ನಾನು ನೋಡೀನಿ. ಬೋರಲಾಗಿ ನೋಡೀನಿ, ಆದ್ರೆ ನಾನೇ ನೋಡೀನಿ. ಬರ್ರಿ ಎಲ್ಲಾ, ಹರಸ್ತೀನಿ." ಅವರ ಕಣ್ಣು ಒದ್ದೆಯಾಗಿತ್ತು, ನನ್ನದೂ. ಕಾಲಿಗೆ ಬಿದ್ದಾಗ ನನ್ನ ತಲೆಯ ಮೇಲೆ ಕೈಯಿಟ್ಟು, "ಮಳೆ ಬೆಳೆ ಆಗ್ಲಿ. ಇದೂ ನೆಟ್ಟಗಾಗ್ಲಿ" ಎಂದರು.

ಚಿತ್ರದುರ್ಗಕ್ಕೆ ಬಂದ ಮೇಲೆ ಗಂಗಾ ಪುಸ್ತಕ ನೋಡಿ, ಬಾಗಿದ ತುಂಡನ್ನು ಸಿಕ್ಕಿಸಿದಳು. ಚಂದ್ರ ತಕ್ಷಣ ನೆಟ್ಟಗೆ ಕುಳಿತ. ಆ ಸುದ್ದಿಯನ್ನು ಅವಳೇ ತವರಿಗೂ ಮುಟ್ಟಿಸಿದಳು.

ಈ ವರ್ಷ ಹಬ್ಬಕ್ಕೆ ಕರೆಯಲು ಮಾವ ಫೋನ್ ಮಾಡಿದರು.

"ಆ ಕೊಳವೆ ತಗಂಡು ಬರ್ರಿ ಅಳಿಯಂದ್ರೆ, ಮರೀಬ್ಯಾಡ್ರಿ."

ನನ್ನ ಎದೆ ಮತ್ತೆ ಉಬ್ಬತೊಡಗಿತು.

"ಚಂದ್ರನ್ನ ಗಂಗಿ ತೋರಿಸ್ತಾಳೆ. ನೀವು ಆ ಹೊತ್ತಿಗೆ ಕುರಿ ಕಡೆ ನೋಡ್ಕಳ್ರಿ!"