ಅಜ್ಜಿ ಅಗಿಯಲು ಕಲಿತದ್ದು

ಉಣ್ಣುವುದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ ಅಂತ ನಾನು ತಿಳಿದಿದ್ದೆ. ಹಸಿವಾದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ, ಬಾಯಿ ತನ್ನ ಕೆಲಸ ಮಾಡುತ್ತದೆ. ಆದರೆ ನನ್ನ ಬಾಯಿ ಇಷ್ಟು ವರ್ಷ ಅರ್ಧ ಕೆಲಸ ಮಾತ್ರ ಮಾಡಿಕೊಂಡು ಬಂದಿದೆ ಅಂತ ಮೊಮ್ಮಗಳು ಬಂದ ಮೇಲೆ ಗೊತ್ತಾಯಿತು. ನನಗೆ ಅಗಿಯಲು ಬರುತ್ತಿರಲಿಲ್ಲ. ಇದರಲ್ಲಿ ನನ್ನದೇನೂ ತಪ್ಪಿಲ್ಲ. ನಮ್ಮೂರು ಕಾಮಸಮುದ್ರದ ಕಡೆ, ಮುದ್ದೆ ತಿಂದು ಬೆಳೆದ ಮಂದಿ ನಾವು. ಮುದ್ದೆಯನ್ನು ಮುರಿಯಬೇಕು, ಸಾರಿನಲ್ಲಿ ಹೊರಳಿಸಬೇಕು, ನುಂಗಬೇಕು. ಅಗಿದರೆ ಹಲ್ಲಿಗೆ ಅಂಟಿ ಬಾಯಿಗೆ ಬೀಗ ಬೀಳುತ್ತದೆ. ಚಿಕ್ಕವಳಿದ್ದಾಗ ಒಮ್ಮೆ ಅಗಿದಿದ್ದಕ್ಕೆ ನಮ್ಮವ್ವ ತಲೆಗೆ ಮೊಟಕಿ, "ಮುದ್ದೆ ಅಗಿಯೋರ ಮನೇಲಿ ಉಟ್ಟಿದ್ಯೇನೆ? ನುಂಗು" ಅಂದಿದ್ದಳು. ಅವತ್ತಿನಿಂದ ನುಂಗುತ್ತಲೇ ಬಂದೆ.

ಹೋದ ಬೇಸಿಗೆಯಲ್ಲಿ ಹೊಟ್ಟೆಯೊಳಗೆ ಹುಣ್ಣಾಗಿ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಡಾಕ್ಟರಮ್ಮ, ಮೆತ್ತಗಿರೋದನ್ನೇ ತಿನ್ನಬೇಕು, ಪ್ರೋಟೀನು ಜಾಸ್ತಿ ಇರಬೇಕು, ಚೆನ್ನಾಗಿ ಅಗಿಯಬೇಕು, ಸದ್ಯಕ್ಕೆ ಮುದ್ದೆ ಬೇಡ ಅಂದರು. ನನ್ನ ಓದು ಮೂರನೇ ಕ್ಲಾಸು. ಪ್ರೋಟೀನು ಅಂದರೆ ಡಬ್ಬದಲ್ಲಿ ಬರುವ ಪುಡಿ ಇರಬೇಕು ಅಂದುಕೊಂಡೆ. ಸೊಸೆ ಮಂಜುಳ ಬಿಡಿಸಿ ಹೇಳಿದಳು: ಹಾಲು, ಮೊಸರು, ಮೊಟ್ಟೆ, ಬೇಳೆ, ಪನೀರು. ನನಗೆ ನಗು ಬಂತು. ಮನೆಯಲ್ಲಿ ಹಸು ಇದೆ, ನಾಟಿಕೋಳಿಗಳಿವೆ. ಆದರೆ ಹಾಲು ಡೇರಿಗೆ, ಮೊಟ್ಟೆ ಕಾವಿಗೆ, ನನಗೆ ಮುದ್ದೆ ಉಪ್ಪುಸಾರು. ಊರಿಗೆಲ್ಲ ಪ್ರೋಟೀನು ಹಂಚುತ್ತಿದ್ದವಳು ನಾನೇ. ಅದರ ಹೆಸರು ಮಾತ್ರ ಗೊತ್ತಿರಲಿಲ್ಲ. ಪನೀರನ್ನು ಮಾತ್ರ ಅವತ್ತೇ ಮೊದಲು ತಿಂದದ್ದು. ಗಿಣ್ಣಿಗೆ ಬೆಲ್ಲ ಹಾಕುವುದನ್ನು ಮರೆತಂತಿತ್ತು.

ಮೊಮ್ಮಗಳು ಬಂಗಾರಿಗೂ ಆಗಲೇ ಊಟ ಶುರು ಮಾಡಿದ್ದರು. ಅವಳ ಬಗ್ಗೆ ಬರೆಯಲು ಕೂತರೆ ಕಾಗದ ಸಾಲುವುದಿಲ್ಲ. ಮೇಲೆ ಎರಡು, ಕೆಳಗೆ ಎರಡು ಹಲ್ಲು. ನಕ್ಕರೆ ನಾಲ್ಕೂ ಒಟ್ಟಿಗೇ ನಗುತ್ತವೆ. ಚಿನ್ನದ ಗಣಿ ಮುಚ್ಚಿದರೇನು, ನಮ್ಮ ಮನೆಯಲ್ಲೇ ಬಂಗಾರ ಸಿಕ್ತಲ್ಲ ಅಂತ ಡೇರಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಹೇಳಿ, ಈಗ ನಾನು ಕ್ಯಾನು ಹಿಡಿದು ಬಂದರೆ ಜನ ಅತ್ತ ತಿರುಗಿಕೊಳ್ಳುತ್ತಾರೆ. ಅವಳಿಗೂ ನನಗೂ ಒಂದೇ ಪಾತ್ರೆಯ ಅಡುಗೆ. ಹೆಸರುಬೇಳೆ ಹಾಕಿ ಮಿದುವಾಗಿ ಬೇಯಿಸಿದ ಅನ್ನ, ಹಿಸುಕಿದ ಮೊಟ್ಟೆ, ಮೊಸರು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳಿಗೊಂದು ತುತ್ತು, ನನಗೊಂದು ತುತ್ತು. ಇಷ್ಟು ಸುಖವಾದ ಕಾಯಿಲೆ ನನಗೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ಅವಳು ತಿನ್ನುವಾಗ ನನ್ನ ಬಾಯನ್ನೇ ನೋಡುತ್ತಿದ್ದಳು. ಪ್ರೀತಿ ಅಂದುಕೊಂಡೆ. ಒಂದು ದಿನ ನಾನು ಕೋಳಿ ನೀರು ಕುಡಿದ ಹಾಗೆ ಕತ್ತು ಎತ್ತಿ ಪನೀರಿನ ಚೂರು ನುಂಗಿದೆ. ಅವಳೂ ಹಾಗೇ ಕತ್ತು ಎತ್ತಿ ಬಾಯಲ್ಲಿದ್ದ ಮೊಟ್ಟೆ ನುಂಗಿಬಿಟ್ಟಳು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಮಂಜುಳ ಓಡಿ ಬಂದು ಬೆನ್ನು ತಟ್ಟಿದಳು. ಕೂಸು ಆಮೇಲೆ ನಕ್ಕಿತು, ಮಂಜುಳ ನಗಲಿಲ್ಲ. ಅವಳು ಗಣಿ ಊರಾದ ಉರಿಗಾಂನವಳು, ಇಡ್ಲಿ ಅನ್ನ ಅಗಿದು ಬೆಳೆದವಳು.

"ಅತ್ತೆ, ಅವಳು ನಿಮ್ಮ ಬಾಯಿ ನೋಡ್ಕೊಂಡೇ ತಿನ್ನೋದು ಕಲೀತಾವ್ಳೆ. ನೀವು ಅಗಿಯೋದು ಕಲಿಯೋವರ್ಗೂ ಅವಳ ಊಟ ಒಳಗೆ, ನಿಮ್ಮೂಟ ಪಡಸಾಲೇಲಿ."

ಆಪರೇಷನ್ನಿನ ಗಾಯ ಕೂಡ ಈ ಮಾತಿನಷ್ಟು ನೋಯಿಸಿರಲಿಲ್ಲ. ಒಳಗೆ ಕೂಸು ತಟ್ಟೆ ಬಡಿಯುವ ಸದ್ದು ಕೇಳುತ್ತಿದ್ದರೆ ಹೊರಗೆ ನನಗೆ ಮೊಸರು ಕೂಡ ಇಳಿಯುತ್ತಿರಲಿಲ್ಲ. ಅಗಿಯಲು ನೋಡಿದೆ. ಇಡ್ಲಿ ನಾಲಿಗೆ ಮುಟ್ಟುವಷ್ಟರಲ್ಲಿ ಗಂಟಲು ಎಳೆದುಕೊಂಡುಬಿಡುತ್ತಿತ್ತು. ಕಡೆಗೆ ಬಟ್ಟಲು ಹಿಡಿದು ಕೊಟ್ಟಿಗೆಗೆ ಹೋಗಿ ನಮ್ಮ ಕೆಂಪಿಯ ಎದುರು ಕೂತೆ. ಅವಳು ಮೆಲುಕು ಹಾಕುತ್ತಿದ್ದಳು. ಅವಳ ದವಡೆ ಆಡಿದಾಗ ನನ್ನದೂ ಆಡಿಸಿದೆ, ಅವಳು ನುಂಗುವವರೆಗೆ ನಾನೂ ನುಂಗಲಿಲ್ಲ. ಹಸು ಅವಸರ ಮಾಡುವುದಿಲ್ಲ, ಒಳ್ಳೆಯ ಮೇಷ್ಟ್ರು. ನಮ್ಮ ಯಜಮಾನರು ಹುಲ್ಲಿನ ಹೊರೆ ಹೊತ್ತು ಬಂದವರು ಸ್ವಲ್ಪ ಹೊತ್ತು ನಿಂತು ನೋಡಿ, "ಏನಮ್ಮೀ, ಇಬ್ಬರಿಗೂ ಒಟ್ಟಿಗೇ ಉಲ್ಲು ಆಕ್ಬುಡ್ಲಾ?" ಅಂದರು. ಮೊದಲಿನ ನಾನಾಗಿದ್ದರೆ ತುತ್ತು ನುಂಗಿ ತಕ್ಕ ಉತ್ತರ ಕೊಡುತ್ತಿದ್ದೆ. ಬಾಯಿ ತುಂಬಾ ಇಡ್ಲಿ, ಎದುರಿಗೆ ಮೇಷ್ಟ್ರು. ಸುಮ್ಮನೆ ಅಗಿದೆ. ನಮ್ಮ ಸಂಸಾರದಲ್ಲಿ ಅವರು ಗೆದ್ದ ಮಾತು ಅದೊಂದೇ ಇರಬೇಕು.

ಮಂಜುಳ ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡುತ್ತಿದ್ದಳಂತೆ. ಒಂದು ಮಧ್ಯಾಹ್ನ ಕೂಸನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿ ಹೋದಳು. ಬಂಗಾರಿ ನನ್ನ ಬಾಯಿ ನೋಡಿದಳು. ನಾನು ಅಗಿದೆ, ಅವಳೂ ನಾಲ್ಕು ಹಲ್ಲಿನಲ್ಲಿ ಅಗಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ಅಗಿದದ್ದೇ ಅಗಿದದ್ದು. ತುತ್ತು ಯಾವಾಗ ಮುಗಿಯಿತೋ ಗೊತ್ತಾಗಲಿಲ್ಲ.

ಮೊನ್ನೆ ಬಂಗಾರಿಗೆ ವರ್ಷ ತುಂಬಿತು. ಅಷ್ಟು ಹೊತ್ತಿಗೆ ಡಾಕ್ಟರಮ್ಮ ನನಗೂ ಮುದ್ದೆ ತಿನ್ನಬಹುದು ಅಂದಿದ್ದರು. ಬೇತಮಂಗಲದಿಂದ ನಾದಿನಿ ಬಂದಿದ್ದಳು, ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ನಾದಿನಿ ಬಿಸಿ ಮುದ್ದೆಯಲ್ಲಿ ಹುಣಸೆಬೀಜದಷ್ಟು ಮುರಿದು, ಸಾರಿನಲ್ಲಿ ಅದ್ದಿ, ನಮ್ಮ ವಂಶದ ಕೂಸಿಗೆ ಮೊದಲ ಮುದ್ದೆ ಅಂತ ಬಾಯಿಗಿಟ್ಟಳು. ಗುಳುಕ್ ಅಂತ ನುಂಗುವುದನ್ನು ನೋಡಲು ಎಲ್ಲರೂ ಕಾದರು. ಕೂಸು ನಿಧಾನವಾಗಿ ದವಡೆ ಆಡಿಸತೊಡಗಿತು. ಮುದ್ದೆ ಹಲ್ಲಿಗೆ ಮೆತ್ತಿಕೊಂಡಿತು. ಆದರೂ ಬಿಡಲಿಲ್ಲ.

"ಅತ್ತಿಗೆ, ಈ ಕೂಸು ಮುದ್ದೆ ಅಗೀತದಲ್ಲಾ," ಅಂದಳು ನಾದಿನಿ. "ನಮ್ಮನೇಲಿ ಉಟ್ಟಿ ಇದನ್ನ ಯಾರತ್ರ ಕಲೀತು?"

ಮಂಜುಳ ತಲೆ ತಗ್ಗಿಸಿ ಅನ್ನಕ್ಕೆ ಸಾರು ಕಲಸಿದಳು. ಯಜಮಾನರು ಕೊಟ್ಟಿಗೆಯ ಕಡೆ ನೋಡಿದರು. ತಾಯಿ ಉರಿಗಾಂ ಕಡೆಯವಳಲ್ಲವಾ, ಅದಕ್ಕೇ ಅಂತ ಹೇಳಿ ತಪ್ಪಿಸಿಕೊಳ್ಳಬೇಕು ಅಂದುಕೊಂಡೆ. ಬಾಯಿ ತೆರೆಯಲಿಲ್ಲ. ನನ್ನ ತುತ್ತೂ ಚೆನ್ನಾಗಿ ಅಗಿದು ಹಲ್ಲಿಗೆ ಅಂಟಿಕೊಂಡಿತ್ತು.