ಆರಂಗುಲದ ಚಕ್ರ, ಐದಂಗುಲದ ದಾರಿ

ರಗಳೆಯೆಲ್ಲ ಆರಂಭವಾದದ್ದು ಒಂದೇ ಒಂದು ಅಂಗುಲದಿಂದ. ಕರಡು ತಿದ್ದುವವರ ಹೊಸ ಮೋಟಾರ್‌ಸೈಕಲ್ಲಿನ ಹಿಂದಿನ ಟೈರು ಆರಂಗುಲ ಅಗಲ. ವಠಾರದ ಮೂರು ಮೆಟ್ಟಿಲುಗಳ ಪಕ್ಕದಲ್ಲಿ, ಗಾಡಿಗಳನ್ನು ಅಂಗಳಕ್ಕೆ ಹತ್ತಿಸಲೆಂದು ಕೂರಿಸಿದ್ದ, ಇಕ್ಕೆಲಕ್ಕೂ ಅಂಚಿದ್ದ ಕಬ್ಬಿಣದ ಕಾಲುವೆ ಐದೇ ಅಂಗುಲ.

ಬೆಳಿಗ್ಗೆ ಏಳಕ್ಕೆ, ನಾಲ್ಕಂಗುಲದ ಮುಂದಿನ ಚಕ್ರ ಹೊಸ ಅಳಿಯನ ಠೀವಿಯಲ್ಲಿ ಮೇಲೇರಿತು. ಹಿಂದಿನದು ಮೊದಲ ಮೆಟ್ಟಿಲಲ್ಲೇ, ತಮ್ಮನ ಅಂಗಿಯೊಳಗೆ ತಲೆ ತೂರಿಸಿದ ಅಣ್ಣನಂತೆ ಸಿಕ್ಕಿಕೊಂಡಿತು. ನಾಲ್ಕು ಜನ ಹಿಡಿದೆಳೆದು ಬಿಡಿಸಿದರು. ನಲವತ್ತು ಜನ ಸಲಹೆ ಕೊಟ್ಟರು.

ಗಾಡಿಯನ್ನು ಬೀದಿಯಲ್ಲಿ ಬಿಡುವಂತಿರಲಿಲ್ಲ. ಅಂದು ಸಂಜೆ ಆರರಿಂದ ಊರಿನ ಯಾವ ಬೀದಿಯಲ್ಲೂ ವಾಹನ ನಿಲ್ಲಿಸಕೂಡದು, ನಿಂತದ್ದನ್ನು ಲಾರಿಯಲ್ಲಿ ಎತ್ತಿ ಒಯ್ದು ಹದಿನೈದು ದಿನ ಇಟ್ಟುಕೊಳ್ಳಲಾಗುವುದು ಎಂದು ನಗರಸಭೆ ಗೋಡೆಗೋಡೆಗೂ ಕಾಗದ ಅಂಟಿಸಿತ್ತು. ಕರಡು ತಿದ್ದುವವರು ಅದರಲ್ಲಿ ಎರಡು ಅಕ್ಷರದೋಷಗಳನ್ನು ಪತ್ತೆಹಚ್ಚಿದ್ದರು. ಆಜ್ಞೆ ಅದರಿಂದೇನೂ ಸಡಿಲವಾಗಲಿಲ್ಲ.

ಮೂವತ್ತು ವರ್ಷಗಳನ್ನು ಅವರು ಪರರ ಪ್ರವಾಸಕಥನಗಳಲ್ಲಿ ಅಲ್ಪವಿರಾಮಗಳನ್ನು ಹುಡುಕುತ್ತ ಕಳೆದಿದ್ದರು. ಎತ್ತರದ ಬೆಟ್ಟದಾರಿಯೊಂದರ ಹೆಸರನ್ನು ಹದಿನೇಳು ಪುಸ್ತಕಗಳಲ್ಲಿ ತಿದ್ದಿದ್ದರು. ಅಲ್ಲಿ ಗಾಳಿ ಹೇಗೆ ಬೀಸುತ್ತದೆಂಬುದು ಮಾತ್ರ ತಿಳಿಯದೆ ಉಳಿದಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಈ ದೂರಪ್ರಯಾಣದ ದೈತ್ಯಗಾಡಿಯನ್ನು ಕೊಂಡದ್ದು, ನಾಡಿದ್ದಿನಿಂದ ಹತ್ತು ದಿನದ ರಜೆ ಗಿಟ್ಟಿಸಿದ್ದು ಆ ಗಾಳಿಗಾಗಿ. ಗಾಡಿ ಲಾರಿಯೇರಿದರೆ ಫ್ಯಾನಿನ ಗಾಳಿಯೇ ಗತಿ.

ಕಾಲುವೆಯನ್ನು ತುಸು ಅಗಲಿಸಬಹುದೇ ಎಂದು ವಠಾರದ ಕಾರ್ಯದರ್ಶಿಯನ್ನು ಕೇಳಿದರು. ನಿವೃತ್ತಿಯಾದ ಮೇಲೂ ಕೊರಳಪಟ್ಟಿಯ ಗುಂಡಿ ಬಿಚ್ಚದ ಮನುಷ್ಯ ಆತ. ಅದಕ್ಕೆ ಮೂರು ಸಭೆ ಸೇರಬೇಕು, ಒಬ್ಬರಿಗಾಗಿ ನಿಯಮ ಬಾಗದು ಎಂದೆಲ್ಲ ವಿವರಿಸಿ ಕೊನೆಗೆ ಹೇಳಿದರು: “ಟೈರು ದಪ್ಪ ಆಗಿರೋದು ನಿಮ್ಮದು ಸಾರ್. ಕಾಲುವೆ ಯಾಕೆ ಅಗಲ ಆಗ್ಬೇಕು? ಟೈರನ್ನೇ ಸ್ವಲ್ಪ ಸಣ್ಣ ಮಾಡ್ಕೊಳ್ಳಿ.”

ಅದು ಕೊಂಕು. ಆದರೆ ಬರೆದದ್ದನ್ನು ಬರೆದಂತೆಯೇ ಓದುವುದು ಕರಡು ತಿದ್ದುವವರ ವೃತ್ತಿ. ಇನ್ನೊಂದು ಸಲ ಸಮಾಧಾನವಾಗಿ ಕೇಳಿ ನೋಡಿ ಎಂದು ಹೆಂಡತಿ ಅನ್ನುತ್ತಿರುವಾಗಲೇ, ಎಲ್ಲಿಗೆಂದೂ ಹೇಳದೆ ಗಾಡಿಯೇರಿ ಹೊರಟುಬಿಟ್ಟರು.

ಮೆಕ್ಯಾನಿಕ್ಕನ ಶೆಡ್ಡು ಬೆಂಕಿಪೊಟ್ಟಣದಷ್ಟಿತ್ತು. ಅಲ್ಲಿ ಮೂಲೆಯಲ್ಲೊಂದು ಸಪೂರ ಚಕ್ರ ತೂಗುತ್ತಿತ್ತು. ಟೈರು ಸೇರಿ ನಾಲ್ಕೂವರೆ ಅಂಗುಲ. ಬೇರೆ ಯಾವುದೋ ಗಾಡಿಯದು.

“ಇದು ನನ್ನ ಗಾಡಿಗೆ ಕೂರತ್ತಾ?”

“ಕೂರಿಸಿದ್ರೆ ಕೂರತ್ತೆ ಸಾರ್. ಅದಕ್ಕೇನು ಬೇರೆ ಕೆಲಸ ಇದೆಯಾ?”

ಹಳೆಯ ಚಕ್ರ ಬಿಚ್ಚಿದೊಡನೆ ಶೆಡ್ಡಿನಲ್ಲಿ ಮನುಷ್ಯರಿಗೆ ಜಾಗವಿಲ್ಲದಾಯಿತು. ಆ ದಪ್ಪಚಕ್ರವನ್ನು ಆಟೋದಲ್ಲಿ ಕೂರಿಸಿ, ಚಾಲಕನಿಗೆ ವಿಳಾಸ ಹೇಳಿ, ಒಂಟಿ ಪ್ರಯಾಣಿಕನಂತೆ ಮನೆಗೆ ಕಳಿಸಿದರು. ಜೊತೆಗೆ ಒಂದು ಚೀಟಿ ಇಡಬೇಕೆಂಬುದು, ಜೀವಮಾನವೆಲ್ಲ ಅಕ್ಷರಗಳ ನಡುವೆ ಬದುಕಿದ ಆ ಮಹನೀಯರಿಗೆ ಹೊಳೆಯಲಿಲ್ಲ.

ಸಪೂರ ಚಕ್ರ, ದೊಡ್ಡಣ್ಣನ ಚಪ್ಪಲಿಯೊಳಗಿನ ಪುಟ್ಟ ಪಾದದಂತೆ ಎರಡೂ ಬದಿಗೆ ಜಾರಾಡಿತು. ಸಂದಿ ತುಂಬಲು ಉಕ್ಕಿನ ಬಳೆ ಕಡೆಯಿಸಬೇಕಾಯಿತು. ಅದನ್ನು ಕಡೆಯುವ ಲೇತಿನವನು ಊಟ ಮುಗಿಸಿ ಮಲಗಿದ್ದ. ಅವನು ಏಳುವವರೆಗೆ ಇಬ್ಬರೂ ಬಾಗಿಲಲ್ಲಿ ಕಾದರು. ಬಳೆ ಕೂತಾಗ ಚೈನು ಓರೆಯಾಯಿತು. ಚೈನು ನೆಟ್ಟಗಾದಾಗ ಬ್ರೇಕು ಕಚ್ಚಿತು. ಬ್ರೇಕು ಬಿಟ್ಟಾಗ ಗಾಡಿಯ ಮುಖದ ಮೇಲೆ ಹಳದಿ ದೀಪವೊಂದು ಹೊತ್ತಿಕೊಂಡು ಆರದೇ ಹೋಯಿತು. ಮೆಕ್ಯಾನಿಕ್ಕು ಅದರ ಮೇಲೆ ಕಪ್ಪು ಟೇಪು ಅಂಟಿಸಿ, “ಈಗ ಸರಿ ಹೋಯ್ತು” ಎಂದ. ನಡುವೆ ಹೆಂಡತಿಯ ಫೋನು ಮೂರು ಬಾರಿ ಬಂತು. ಕೈಯೆಲ್ಲ ಗ್ರೀಸು, ಕರೆಯ ತುಂಬ ಬೈಗುಳವೇ ಇರಬೇಕೆಂಬ ಅಂಜಿಕೆ ಬೇರೆ. ಅವರು ಎತ್ತಲಿಲ್ಲ.

ಐದೂಮುಕ್ಕಾಲಿಗೆ, ಗೆದ್ದ ದಂಡನಾಯಕನಂತೆ ಅವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ವಠಾರವೇ ಬಾಗಿಲಲ್ಲಿ ನೆರೆದಿತ್ತು. ಕಾಲುವೆಯಿರುವಲ್ಲಿ ಹೂವಿನ ಚಿತ್ತಾರದ ಪರದೆ ಬಟ್ಟೆಯೊಂದು ಹಾಸಿತ್ತು. ಕೆಳಮನೆಯ ದರ್ಜಿ, ಕೊರಳಲ್ಲಿ ಟೇಪು ಇಳಿಬಿಟ್ಟುಕೊಂಡು, ಬಟ್ಟೆಯ ತುದಿ ಹಿಡಿದು ನಿಂತಿದ್ದ. ತನ್ನನ್ನು ನೋಡಿ ನಗಲು ಸೇರಿದ್ದಾರೆ, ನೋಡಲಿ ಎಂದುಕೊಂಡು ಕರಡು ತಿದ್ದುವವರು ವೇಗ ಹೆಚ್ಚಿಸಿ ಮೆಟ್ಟಿಲಿನತ್ತ ನುಗ್ಗಿದರು. ದರ್ಜಿ ಬಟ್ಟೆಯನ್ನು ಸರಕ್ಕನೆ ಎಳೆದ.

ಕಾಲುವೆ ಇರಲಿಲ್ಲ. ಅದರ ಜಾಗದಲ್ಲಿ, ಹೊಸ ಬೆಸುಗೆಯ ಎರಡು ಕಬ್ಬಿಣದ ಪಟ್ಟಿಗಳು ಅಕ್ಕಪಕ್ಕ ಮೇಲೇರಿದ್ದವು. ನಡುವೆ ಐದಂಗುಲದ ಬಯಲು. ನಾಲ್ಕಂಗುಲದ ಮುಂದಿನ ಚಕ್ರ ಆ ಬಯಲೊಳಗೆ ಅಚ್ಚಿನವರೆಗೆ ಇಳಿದು ಕಚ್ಚಿಕೊಂಡಿತು. ಕರಡು ತಿದ್ದುವವರು ಪೆಟ್ರೋಲ್ ಟ್ಯಾಂಕನ್ನು ತಬ್ಬಿಕೊಂಡರು.

ಯಾರೂ ನಗಲಿಲ್ಲ. ಕಾರ್ಯದರ್ಶಿಯ ಮುಖ ಬಾಡಿತ್ತು. ಮಧ್ಯಾಹ್ನ ಆ ದಪ್ಪಚಕ್ರ ಒಂಟಿಯಾಗಿ ಆಟೋದಿಂದಿಳಿದದ್ದನ್ನು ಕಂಡು ತನ್ನ ಮಾತು ಎಷ್ಟು ಕಟುವಾಯಿತೆಂದು ಅರಿವಾಯಿತೆಂದೂ, ಸಭೆಯನ್ನೇ ಸೇರಿಸದೆ ಹಳೆಯ ಕಾಲುವೆ ಕತ್ತರಿಸಿ ತೆಗೆಸಿದೆನೆಂದೂ ಅವರು ತೊದಲಿದರು. ಚಕ್ರ ಯಾಕೆ ಬಂತೆಂದು ವಠಾರಕ್ಕೆ ವಿವರಿಸಿದವನು ದರ್ಜಿ.

“ನೀವೇ ಅಳತೆಗೆ ಕಳಿಸಿದ್ರಲ್ಲ ಸಾರ್. ನಮ್ಮ ಗಿರಾಕಿಗಳು ಹಳೇ ಅಂಗಿ ಕಳಿಸಲ್ವಾ, ಇದರ ಹಾಗೇ ಹೊಲಿ ಅಂತ? ನಾನೇ ಟೇಪು ಹಿಡಿದೆ. ಸೊಂಟ ಆರಂಗುಲ, ಆಚೆ ಈಚೆ ಅರ್ಧರ್ಧ ಸಡಿಲ.”

“ನಡುವೆ ಯಾಕಪ್ಪಾ ಬಯಲು?” ಎಂದರು ಕರಡು ತಿದ್ದುವವರು.

“ತಗಡು ದಂಡ ಅಂದ ಬೆಸುಗೆಯವನು. ಎರಡು ಅಂಚು ಸಿಕ್ಕಿದ್ರೆ ಸಾಕಲ್ಲ. ಮೂರು ಸಲ ಹತ್ತಿಸಿ ನೋಡಿದ್ವಿ ಸಾರ್, ಬೆಣ್ಣೆ ಹಾಗೆ ಹತ್ತಿತು.”

“ಏನು ಹತ್ತಿತು?”

“ಚಕ್ರ.”

ಹೆಂಡತಿ ಮುಂದಿನ ಚಕ್ರವನ್ನು ಯಾರಾದರೂ ಅಳೆದರೇ ಎಂದು ಕೇಳಿದಳು. ದರ್ಜಿ ನೊಂದುಕೊಂಡ. “ಅಳತೆಗೆ ಬಂದಿದ್ದು ಒಂದೇ ಅಲ್ವಾ ಅಕ್ಕ?”

“ಅದನ್ನ ಕೇಳೋಕೇ ರೀ ನಾನು ಮೂರು ಸಲ ಫೋನ್ ಮಾಡಿದ್ದು,” ಎಂದು ಅವಳು ಗಂಡನತ್ತ ತಿರುಗಿದಳು. ಕರಡು ತಿದ್ದುವವರು ಗಾಡಿಯಿಂದಿಳಿದು ಹ್ಯಾಂಡಲಿಗೆ ಕೈ ಹಾಕಿದರು.

ಬಾಗಿಲಲ್ಲಿದ್ದವರೆಲ್ಲ ಸೇರಿ ತಳ್ಳಿದರು, ಎಳೆದರು. ಗಾಡಿ ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಅದರ ಬಾಲ ಬೀದಿಗೆ ಚಾಚಿತ್ತು. ಸರಿಯಾಗಿ ಆರಕ್ಕೆ ನಗರಸಭೆಯ ಲಾರಿ ಬಂತು. ಇಬ್ಬರು ಇಳಿದರು, ಎರಡು ಪಟ್ಟೆ ಬಿಗಿದರು, ವಠಾರ ಹತ್ತು ನಿಮಿಷ ಬೆವರಿದ ಕೆಲಸವನ್ನು ಒಂದು ನಿಮಿಷದಲ್ಲಿ ಮುಗಿಸಿದರು. ಸಪೂರ ಚಕ್ರ ಆಕಾಶದಲ್ಲಿ ಎರಡು ಸುತ್ತು ತಿರುಗಿತು. ಲಾರಿ ತಿರುವಿನಲ್ಲಿ ಮರೆಯಾಯಿತು.

ಕಾರ್ಯದರ್ಶಿ ಕರಡು ತಿದ್ದುವವರ ಭುಜ ಮುಟ್ಟಿದರು. “ಬೇಜಾರು ಮಾಡ್ಕೋಬೇಡಿ ಸಾರ್. ಒಳಗಿನ ಜಾಗ ಮಾತ್ರ ಖಾಯಂ ನಿಮ್ಮದೇ. ಬಣ್ಣವೂ ಹೊಡೆಸಿದ್ದೀನಿ, ನೋಡಿ.”

ಕರಡು ತಿದ್ದುವವರು ಒಳಗೆ ಇಣುಕಿದರು. ಅಂಗಳದ ಮೂಲೆಯಲ್ಲಿ, ಇನ್ನೂ ಒಣಗದ ಬಿಳಿ ಗೆರೆಗಳ ನಡುವೆ, ಗೋಡೆಯಲ್ಲಿ ಬರೆದ ಅವರ ಮನೆಯ ಸಂಖ್ಯೆಗೆ ಬೆನ್ನುಕೊಟ್ಟು, ನಿಯಮಕ್ಕೆ ಎಳ್ಳಷ್ಟೂ ಭಂಗ ಬಾರದಂತೆ, ಆ ಆರಂಗುಲದ ಚಕ್ರವೊಂದೇ ಒರಗಿ ನಿಂತಿತ್ತು.