ಮಾವನ ಕಾರು ಕುಡಿಯುವುದಿಲ್ಲ

ನಮ್ಮ ಸೋದರಮಾವನ ಕಾರಿನಷ್ಟು ಸಭ್ಯ ಕಾರು ವಿಜಯಪುರ ಜಿಲ್ಲೆಯಲ್ಲಿ ಇನ್ನೊಂದಿಲ್ಲ. ಅದು ಸೆರೆ ಮುಟ್ಟುವುದಿಲ್ಲ! ನಗಬೇಡಿ. ಮಾವ ವರ್ಷವರ್ಷ ಪಂಢರಪುರಕ್ಕೆ ನಡೆದುಹೋಗುವ ವಾರಕರಿ, ಕೊರಳಲ್ಲಿ ತುಳಸಿ ಮಾಲೆ. ಅಂಥದ್ದೇ ಇನ್ನೊಂದು ಮಾಲೆ ಅಜ್ಜನ ಕಾಲದ ಆ ಕಾರಿನ ಕನ್ನಡಿಗೆ. ಮಾಲೆ ಹಾಕಿದವರಿಗೆ ಮದ್ಯ, ಮಾಂಸ ಎರಡೂ ವರ್ಜ್ಯ. ಕಾರಿಗೆ ಮಾಂಸದ ಆಸೆ ಎಂದೂ ಇರಲಿಲ್ಲ. ತೊಡಕು ಬಂದದ್ದು ಮದ್ಯದಿಂದ.

ತಪ್ಪು ನನ್ನದೇ. ಏಳನೇ ಇಯತ್ತೆ ಫೇಲಾಗಿ ಶಾಲೆ ಬಿಟ್ಟು, ನಟ್ಟು ಬಿಗಿಯುವ ಪಾನಾ ಹಿಡಿದವನು ನಾನು. ಇಂದು ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಸ್ವಂತ ಗ್ಯಾರೇಜಿದೆ. ಇಂಜಿನ್ ಕೆಮ್ಮಿದರೆ ಎಲ್ಲಿ ನೋವೆಂದು ರಸ್ತೆಯಾಚೆಯಿಂದಲೇ ಹೇಳುತ್ತೇನೆ. ಮಾವನ ಕಾರಿನ ಪೆಟ್ರೋಲ್ ಪೈಪು ಒಳಗೊಳಗೇ ಕರಗಿ ಅಂಟಾಗಿತ್ತು. ಗೊತ್ತಿದ್ದದ್ದನ್ನು ಹೇಳದೆ ಇರಲಾದೀತೇ?

“ಮಾಮಾ, ಈಗಿನ ಪೆಟ್ರೋಲಿನ್ಯಾಗ ಸ್ಪಿರಿಟ್ ಕೂಡಸ್ತಾರ. ಹಳೀ ರಬ್ಬರಿಗೆ ಅದು ಆಗಿಬರೂದಿಲ್ಲ. ಹೊಸಾ ನಮೂನಿ ಪೈಪ್ ಹಾಕ್ತೀನಿ.”

“ಸ್ಪಿರಿಟ್ ಅಂದ್ರ?”

“ಸೆರೀನ ಅನ್ರಿ. ಕಬ್ಬಿನಿಂದ ತೆಗೀತಾರ.”

“ಯಾರ ಕಬ್ಬಲೇ?”

“ನಿಮ್ದೂ ಇರಬಹುದು!”

ನಿಡೋಣಿಯಲ್ಲಿ ಮಾವನದು ನಾಲ್ಕು ಎಕರೆ ಕಬ್ಬು. ಮರುದಿನ ಅದಕ್ಕೆ ಬೆನ್ನು ಮಾಡಿ ನಿಂತು ನೀರು ಹಾಯಿಸಿದರಂತೆ! ಹೊಸ ಪೈಪನ್ನೂ ಹಾಕಗೊಡಲಿಲ್ಲ. ಹಳೆಯ ನಮೂನೆಯದೇ ಬೇಕು. ಕುಡುಕರ ಪೈಪು ಬೇಡವಂತೆ!

ಅಂದಿನಿಂದ ಮಾವನ ಕಿಸೆಯಲ್ಲಿ ಔಷಧದ ಗಾಜಿನ ಬಾಟಲಿ. ಅರ್ಧ ನೀರು, ಮೇಲೆ ಪೆಟ್ರೋಲು. ಮುಚ್ಚಿ ಅಲ್ಲಾಡಿಸಿ ಇಟ್ಟರೆ ಶುದ್ಧ ಪೆಟ್ರೋಲು ಮೇಲೆಯೇ ನಿಲ್ಲುತ್ತದೆ. ಸ್ಪಿರಿಟ್ ಇದ್ದರೆ ಅದು ನೀರಿಗಿಳಿದು ನೀರಿನ ಗೆರೆ ಏರುತ್ತದೆ. ಇದನ್ನು ಹೇಳಿಕೊಟ್ಟ ಮಹಾನುಭಾವನೂ ನಾನೇ! ಬಬಲೇಶ್ವರದ ಬಂಕಿನಲ್ಲಿ ಗೆರೆ ಏರಿತು. ತಿಕೋಟಾದಲ್ಲಂತೂ ಬಂಕಿನವನ ಸಿಟ್ಟೂ ಏರಿತು.

“ಕಾಕಾ, ಪೆಟ್ರೋಲ್ ಹಾಕಸಾಕ ಬಂದೀರೋ, ರಕ್ತ ತಪಾಸ ಮಾಡಾಕ ಬಂದೀರೋ?”

“ನಿನ್ನ ಮಗಳನ್ನ ಕೊಡೂ ಮುಂದ ಹುಡುಗ ಕುಡೀತಾನೇನು ಅಂತ ಕೇಳೂದಿಲ್ಲೇನಪಾ?”

ಕೊನೆಗೆ ವಿಜಯಪುರದ ಒಂದು ಬಂಕಿನ ದುಬಾರಿ ಪೆಟ್ರೋಲು ಪಾಸಾಯಿತು. ಕಳೆದ ಶ್ರಾವಣದ ಹೊತ್ತಿಗೆ ಅದೂ ಫೇಲ್! ಫೇಲಾದವರ ಸಂಕಟ ನನಗೆ ಗೊತ್ತು. ಆದರೆ ಮಾವನಿಗೆ ಕರುಣೆ ಎಲ್ಲಿ?

ಅಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮ ಅವ್ವ ಮಾವನ ಒಬ್ಬಳೇ ತಂಗಿ. ಪ್ರತಿ ಪಂಚಮಿಗೆ ಇದೇ ಕಾರಿನಲ್ಲಿ ಬಂದು ಅವಳನ್ನು ತವರಿಗೆ ಕರೆದೊಯ್ಯಬೇಕು. ಬಸ್ಸು ಆಗದು, ಬಾಡಿಗೆ ಗಾಡಿ ಆಗದು. ಅವ್ವ ಬೆಳಿಗ್ಗೆಯೇ ಚೀಲ ಹಿಡಿದು ಕಟ್ಟೆಯ ಮೇಲೆ ಕುಳಿತಳು. ಮಧ್ಯಾಹ್ನ ಮಾವನ ಫೋನು ಬಂತು. ಟಾಕಿಯಲ್ಲಿ ಉಳಿದಿದ್ದ ಪಾಸಾದ ಪೆಟ್ರೋಲು ಅರ್ಧ ದಾರಿಯ ಸಾರವಾಡಕ್ಕೇ ಮುಗಿದಿತ್ತು. ಬಬಲೇಶ್ವರದ ಬಂಕು ಬಂದಾಗ ಮಾವ ಮುಖ ತಿರುಗಿಸಿಕೊಂಡು ದಾಟಿದ್ದರಂತೆ!

ಹೊಸ ಪೈಪು, ಕ್ಯಾನಿನ ತುಂಬ ಮಾಮೂಲಿ ಪೆಟ್ರೋಲು ಕಟ್ಟಿಕೊಂಡು ಬೈಕು ಏರಿದೆ. ಅವ್ವ ಚೀಲದ ಸಮೇತ ಹಿಂದೆ ಕುಳಿತಳು.

ಸಾರವಾಡದಲ್ಲಿ ಮಾವ ಪೈಪನ್ನೇನೋ ಹಾಕಗೊಟ್ಟರು. ಕ್ಯಾನು ಎತ್ತಿದಾಗ ಟಾಕಿಯ ಬಾಯಿಗೆ ಅಂಗೈ ಮುಚ್ಚಿದರು.

“ಬ್ಯಾಡೋ. ಆಕೀಗೆ ಮಾಲಿ ಹಾಕೀನಿ.”

“ಕಬ್ಬಣದ ಗಾಡಿಗೆ ಎಂಥಾ ಮಾಲಿ ಮಾಮಾ!”

ಮಾವ ನನ್ನನ್ನಲ್ಲ, ಅವ್ವನ ಚೀಲವನ್ನು ನೋಡಿದರು.

“ನೀ ಇನ್ನೂ ಹುಟ್ಟಿರಲಿಲ್ಲ. ಹಿಂಗ ಪಂಚಮಿಗಿ ಕರ್ಯಾಕ ಹೊಂಟಾವ ಇದ ಸಾರವಾಡದಾಗ ಕುಡದು ಬಿದ್ದೆ. ನಿಮ್ಮವ್ವ ಹೊತ್ತು ಮುಣಗೂತನಾ ಕಟ್ಟಿ ಮ್ಯಾಲ ಕುಂತಿದ್ಲು. ಮರುದಿನ ನಾ ಮಾಲಿ ಹಾಕ್ಕೊಂಡೆ, ಆಕೀಗೂ ಹಾಕಿದೆ. ನಮ್ಮಿಬ್ಬರೊಳಗ ಒಬ್ಬರು ತಪ್ಪಿದ್ರೂ ತಂಗಿ ಕುಂತಲ್ಲೇ ಕುಂಡರತಾಳ, ಹೌದಿಲ್ಲೋ?”

ಇಷ್ಟು ದಿನ ನಕ್ಕ ನಾನು ಕ್ಯಾನು ಕೆಳಗಿಟ್ಟೆ. ಅವ್ವ ಕಿಟಕಿಯೊಳಗೆ ಕೈ ಹಾಕಿ ಕನ್ನಡಿಯ ಮಾಲೆ ತೆಗೆದು ತನ್ನ ಮುಂಗೈಗೆ ಸುತ್ತಿಕೊಂಡಳು.

“ಊರು ಮುಟ್ಟೂತನಾ ಇದು ನನ್ನ ಕೈಯಾಗಿರ್ಲಿ. ಆಕಿ ಎಷ್ಟರೆ ಕುಡೀಲಿ. ನೀ ಕುಡದಿಲ್ಲಲ್ಲ, ನಡಿ ಅಣ್ಣಾ.”

ಮಾವ ಅಂಗೈ ತೆಗೆದರು. ಕ್ಯಾನು ಬರಿದಾಯಿತು. ಕುಡಿದ ಕಾರು ನೆಟ್ಟಗೇ ಹೋಯಿತು. ಸ್ಟೇರಿಂಗ್ ಹಿಡಿದವರು ಮಾತ್ರ ಕಣ್ಣೊರೆಸಿಕೊಳ್ಳಲು ಎರಡು ಸಲ ನಿಲ್ಲಿಸಿದರು.